ಹಲ್ಲಿಲ್ಲದ ಸಿಪಾಯಿ

ಹೆಣದ ದವಡೆಗೆ ಕಟ್ಟಿದ್ದ ಬಟ್ಟೆಯನ್ನು ನಾನು ಬಿಚ್ಚತೊಡಗಿದಾಗ ಮೇಜರ್ ಬೀಚಮ್ ಮುಖ ಆಚೆ ತಿರುಗಿಸಿಕೊಂಡ.

"ಕ್ರೆನ್‌ಶಾ, ಇದೇನಯ್ಯಾ ನೀನು ಮಾಡ್ತಿರೋದು? ಇನ್ನೇನು ಪೆಟ್ಟಿಗೆ ಎತ್ತಬೇಕು."

"ಬಾಯಿ ನೋಡ್ತಿದೀನಿ, ಮೇಜರ್ ಸಾಹೇಬ್ರೆ."

"ವಿಷ ಹೋಗಿದ್ದು ಹೊಟ್ಟೆಗೆ."

"ಹೊಟ್ಟೆ ಡಾಕ್ಟರ್ ನೋಡಿ ಆಯ್ತು. ಬಾಯಿ ಯಾರೂ ನೋಡಿಲ್ಲ."

ಬೀಚಮ್‌ಗೆ ಇನ್ನೂ ನಲವತ್ತೈದು ತುಂಬಿಲ್ಲ. ಗುಲಾಮಗಿರಿಯ ಮೇಲೆ ಉತ್ತರ ದಕ್ಷಿಣ ರಾಜ್ಯಗಳು ಕಾದಾಡಿದ ಯುದ್ಧ ಮುಗಿದಾಗ ತೊಟ್ಟಿಲಲ್ಲಿದ್ದವನು. ಆದರೂ ಮೇಜರ್. ನಮ್ಮ ಜಾರ್ಜಿಯಾದಲ್ಲಿ ಯುದ್ಧಕ್ಕೆ ಸಿಪಾಯಿಯಾಗಿ ಹೋದವನು ಸಾಯುವ ಹೊತ್ತಿಗೆ ಕ್ಯಾಪ್ಟನ್ ಆಗಿರುತ್ತಾನೆ, ಹೋಗದೇ ಇದ್ದವನು ಮೇಜರ್ ಆಗಿರುತ್ತಾನೆ. ಮುದಿ ಸೈನಿಕರ ಈ ನಿವಾಸದ ಮೇಲ್ವಿಚಾರಣೆ ಸಿಕ್ಕ ದಿನವೇ ಆ ಬಿರುದು ಅವನಿಗೆ ಅಂಟಿಕೊಂಡಿತ್ತು.

ಪೆಟ್ಟಿಗೆಯಲ್ಲಿ ಏಸಾ ಪ್ರೂಯಿಟ್ ದಕ್ಷಿಣದ ಪಡೆಯ ಬೂದು ಸಮವಸ್ತ್ರ ತೊಟ್ಟು ಮಲಗಿದ್ದ. ಎದೆಯ ಮೇಲೆ ಊರಿನ ಮಹಿಳಾ ಸಂಘದವರು ಹಳೆಯ ಸಿಪಾಯಿಗಳಿಗೆ ಕೊಡುವ ಗೌರವದ ಶಿಲುಬೆ ಪದಕ. ಭಾನುವಾರ ಹೆಂಡತಿ ತಂದ ಮಜ್ಜಿಗೆ ಕುಡಿದು ಮಲಗಿದವನು ಸೋಮವಾರ ಏಳಲಿಲ್ಲ. ಮಜ್ಜಿಗೆ ಜಾಡಿಯ ತಳದಲ್ಲಿ ಅಫೀಮಿನ ಔಷಧಿಯ ವಾಸನೆ ಇತ್ತು. ಹೂಳುವ ಕೆಲಸ ಮುಗಿದ ಕೂಡಲೇ ಆ ಹೆಂಡತಿಯನ್ನು ಹಿಡಿದು ತರಬೇಕೆಂದು ಶೆರೀಫ್ ನನ್ನನ್ನು ಕಳಿಸಿದ್ದ.

ಕೊಲೆಗೆ ಕಾರಣ ಹುಡುಕುವ ಕಷ್ಟವನ್ನೂ ಸರ್ಕಾರ ನಮಗೆ ಇಟ್ಟಿರಲಿಲ್ಲ. ಈ ನಿವಾಸಕ್ಕೆ ಗಂಡಸರನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ಗಂಡ ಇಲ್ಲಿ ಸೇರಿದರೆ ಅವನ ಪಿಂಚಣಿ ನಿಲ್ಲುತ್ತದೆ, ಹೆಂಡತಿ ಹೊರಗೆ ಬಾಡಿಗೆ ಕೋಣೆಯಲ್ಲಿ ಹೊಲಿಗೆ ಹಾಕಿಕೊಂಡು ಬದುಕಬೇಕು. ಅವಳಿಗೆ ವಿಧವೆಯ ಪಿಂಚಣಿ ಬರುವುದು ಅವನು ಸತ್ತ ಮೇಲೆ. ನಲವತ್ತು ವರ್ಷಕ್ಕೂ ಮಿಕ್ಕಿ ಒಂದೇ ಹಾಸಿಗೆಯಲ್ಲಿ ಮಲಗಿದವರನ್ನು ಬೇರೆ ಮಾಡಿ, ಇವನು ಯಾವಾಗ ಹೋಗುತ್ತಾನೋ ಎಂದು ಅವಳು ದಿನ ಎಣಿಸುವಂತೆ ಮಾಡುವ ಕಾನೂನು ಅದು. ಬರೆದವರು ದೊಡ್ಡ ಮನಸ್ಸಿನವರೆಂದು ಪ್ರತಿ ವರ್ಷ ಭಾಷಣದಲ್ಲಿ ಕೇಳುತ್ತೇನೆ.

ನಾನು ದವಡೆ ಇಳಿಸಿ ಬೆರಳು ಒಳಗಿಟ್ಟೆ. ಮೇಲಿನ ಮುಂದಿನ ಹಲ್ಲು ನಾಲ್ಕೂ ಇರಲಿಲ್ಲ. ಪಕ್ಕದ ಹಲ್ಲುಗಳು ಗಟ್ಟಿಯಾಗಿಯೇ ಇದ್ದವು. ಖಾಲಿ ಜಾಗದಲ್ಲಿ ವಸಡು ನುಣ್ಣಗೆ, ಮೂಳೆಯಷ್ಟು ಗಟ್ಟಿಯಾಗಿ ಕೂಡಿಕೊಂಡಿತ್ತು. ವಯಸ್ಸಾಗಿ ಉದುರಿದ ಬಾಯಿ ಹೀಗಿರುವುದಿಲ್ಲ. ಚಿಕ್ಕ ವಯಸ್ಸಿನಲ್ಲೇ ಯಾರೋ ಇಕ್ಕಳ ಹಾಕಿ ಕಿತ್ತ ಬಾಯಿ ಇದು.

ನನ್ನ ಜೇಬಿನಲ್ಲಿ ಹೊಗೆಸೊಪ್ಪಿನ ಬಿಲ್ಲೆಯೊಂದು ಇತ್ತು. ಏಸಾನ ಹಾಸಿಗೆಯ ಮಡಿಕೆಯಲ್ಲಿ ನಿನ್ನೆ ಸಿಕ್ಕಿದ್ದು. ಅದರ ಒಂದು ಮೂಲೆಯನ್ನು ಯಾರೋ ಕಚ್ಚಿ ತೆಗೆದಿದ್ದರು. ಮುಂದಿನ ಎರಡು ಹಲ್ಲುಗಳ ಗುರುತು ಅಚ್ಚೊತ್ತಿದ ಹಾಗಿತ್ತು, ಒಂದರ ಮೇಲೊಂದು ಸ್ವಲ್ಪ ಏರಿಕೊಂಡಿತ್ತು. ಅದನ್ನು ಏಸಾನ ಬಾಯಿಗೆ ಹಿಡಿದು ನೋಡುವ ಅಗತ್ಯವೇ ಬೀಳಲಿಲ್ಲ.

ಬಾಯಿ ಮುಚ್ಚಿ ಮತ್ತೆ ಬಟ್ಟೆ ಕಟ್ಟಿದೆ. ಆದರೆ ನನ್ನ ತಲೆಯಲ್ಲಿ ಕೊರೆಯತೊಡಗಿದ್ದು ಬಿಲ್ಲೆಯ ವಿಷಯ ಅಲ್ಲ. ಆ ಬೆಳಿಗ್ಗೆ ಏಸಾನ ಹೆಂಡತಿ ಡ್ರುಸಿಲ್ಲಮ್ಮ ಆಡಿದ ಮಾತು.

ನಾನು ಹೋದಾಗ ಅವಳು ಕೋಣೆಯ ಹಿಂದೆ ಒಲೆಯ ಮೇಲೆ ಹಂಡೆ ಇಟ್ಟು, ಇದ್ದ ಒಂದು ಒಳ್ಳೆಯ ಉಡುಪನ್ನು ಅಕ್ರೋಟಿನ ಸಿಪ್ಪೆಯ ನೀರಲ್ಲಿ ಕಪ್ಪು ಮಾಡುತ್ತಿದ್ದಳು. ಮೊಣಕೈವರೆಗೂ ಬಣ್ಣ ಇಳಿದಿತ್ತು.

"ಕೂತ್ಕೋಪ್ಪಾ ವೈಲಿ. ಹಂಡೆ ಮುಟ್ಟಬೇಡ, ಕೈಗೆ ಹತ್ತಿದ್ರೆ ಹೋಗಲ್ಲ."

"ಮದುವೆ ಯಾವಾಗ ಆಯ್ತಮ್ಮಾ ನಿಮ್ದು?"

"ಅರವತ್ಮೂರನೇ ಇಸವಿ, ಯುದ್ಧ ನಡೀತಿತ್ತು. ಪೀಚ್ ಗಿಡ ಹೂ ಬಿಟ್ಟಿತ್ತು. ರಜೆ ಮೇಲೆ ಬಂದಿದ್ರು, ಕಾಲಾಳು ಪಡೆಯಿಂದ. ಸಮವಸ್ತ್ರದಲ್ಲೇ ನಿಂತು ಮದುವೆ ಆದ್ರು, ಬೇರೆ ಬಟ್ಟೆ ಎಲ್ಲಿತ್ತು?"

"ಮಜ್ಜಿಗೆ ಯಾಕೆ ತಗೊಂಡು ಹೋಗ್ತಿದ್ರಿ? ನಿವಾಸದಲ್ಲೂ ಕೊಡ್ತಾರಲ್ಲ."

ಅವಳು ಕೋಲು ತಿರುಗಿಸುವುದನ್ನು ನಿಲ್ಲಿಸಿ ನಕ್ಕಳು. ಆ ಮುಖದಲ್ಲಿ ಒಂದು ಕ್ಷಣ ಹದಿನೆಂಟರ ಹುಡುಗಿ ಬಂದು ಹೋದಳು.

"ಅವರ ಮಜ್ಜಿಗೆ ಇವರಿಗೆ ಸೇರ್ತಿರಲಿಲ್ಲ. ಮದುವೆ ಮಾರನೇ ದಿನದಿಂದ ಜೋಳದ ರೊಟ್ಟಿನ ಮಜ್ಜಿಗೇಲಿ ಕಿವುಚಿ ಕೊಟ್ಟೋಳು ನಾನು. ಮುಂದಿನ ಹಲ್ಲಿಲ್ದೋರು ಒಣರೊಟ್ಟಿ ಹೇಗೆ ಕಡೀತಾರೆ? ಗಂಡನ್ನ ಕಟ್ಕೊಂಡ್ಯೋ ಮಗೂನ ತಂದ್ಕೊಂಡ್ಯೋ ಅಂತ ನಮ್ಮಕ್ಕ ಆಡ್ಕೊಳ್ತಿದ್ಳು."

ಹೆಂಡತಿಯ ಹೆಮ್ಮೆ ಅಂದುಕೊಂಡು ನಾನೂ ನಕ್ಕಿದ್ದೆ.

"ಪಕ್ಕದ ಮಂಚದ ಲೀವೈ ಟ್ರಾಮೆಲ್ ನಿಮಗೆ ಪರಿಚಯವಾ?"

"ಟೋಪಿ ಎತ್ತುತ್ತಾರೆ, ನಾನು ತಲೆ ಆಡಿಸ್ತೀನಿ. ಅಷ್ಟೇ. ಅವರ ದನಿ ಹೇಗಿದೆ ಅಂತಲೂ ಗೊತ್ತಿಲ್ಲ." ನಾನು ಕೇಳದಿದ್ದರೂ ಕಿಟಕಿಯಲ್ಲಿದ್ದ ಬೈಬಲ್ ಮುಟ್ಟಿದಳು. ಕಪ್ಪು ಬೆರಳಿನ ಗುರುತು ಅದರ ಮೇಲೆ ಉಳಿಯಿತು.

ಹೊರಡುವಾಗ ಕೇಳಿದಳು: "ಪಿಂಚಣಿ ಆಗುತ್ತಾ ವೈಲಿ? ಕಣ್ಣು ಹೋಗ್ತಿದೆ, ಸೂಜಿಗೆ ದಾರ ಪೋಣಿಸಕ್ಕೆ ಆಗಲ್ಲ. ಆಗ್ಲಿಲ್ಲ ಅಂದ್ರೆ ಊರಾಚೆ ನಿರ್ಗತಿಕರ ಮನೆಗೆ ಹಾಕ್ತಾರೆ. ಅಲ್ಲಿ ಹುಚ್ಚರನ್ನೂ ನಮ್ಮನ್ನೂ ಒಂದೇ ಕೋಣೇಲಿ ಮಲಗಿಸ್ತಾರಂತೆ, ಹೌದಾ?"

ಹೌದು. ನಾನು ಮಾತ್ರ ಇಲ್ಲ ಎಂದೆ.

ಈಗ ಪೆಟ್ಟಿಗೆಯ ಪಕ್ಕ ನಿಂತು ಆ ಹಲ್ಲಿನ ಮಾತನ್ನು ನೆನೆಸಿಕೊಂಡಾಗ ಅದು ತಾಳೆಯಾಗಲಿಲ್ಲ. ಆ ಯುದ್ಧದಲ್ಲಿ ಕಾಲಾಳುಗಳ ಬಂದೂಕಿಗೆ ಮದ್ದು ಗುಂಡು ಕಾಗದದ ಪೊಟ್ಟಣದಲ್ಲಿ ಬರುತ್ತಿತ್ತು. ಒಂದು ಕೈ ಬಂದೂಕಿನ ಮೇಲೆ, ಇನ್ನೊಂದು ಕೈಯಲ್ಲಿ ಪೊಟ್ಟಣ. ಅದನ್ನು ಮುಂದಿನ ಹಲ್ಲಲ್ಲಿ ಕಚ್ಚಿ ಹರಿದು ನಳಿಗೆಗೆ ಸುರಿಯಬೇಕು. ಕಣ್ಣು ಮಂಜಾದವನನ್ನೂ ಕುಂಟನನ್ನೂ ಕೊನೆಗೆ ಸೇರಿಸಿಕೊಂಡರು, ಮುಂದಿನ ಹಲ್ಲಿಲ್ಲದವನನ್ನು ಮಾತ್ರ ಕಾಲಾಳು ಪಡೆ ವಾಪಸ್ಸು ಕಳಿಸುತ್ತಿತ್ತು. ಬಲವಂತದ ಭರ್ತಿ ಶುರುವಾದಾಗ ಕಮ್ಮಾರನ ಹತ್ತಿರ ಹೋಗಿ ಬಾಯಿ ತೆರೆದ ಹುಡುಗರ ಕಥೆ ನಮ್ಮ ಬೆಟ್ಟದ ಕಡೆ ಎಷ್ಟೋ ಮನೆಗಳಲ್ಲಿದೆ. ಯಾರೂ ಅದನ್ನು ಗಟ್ಟಿಯಾಗಿ ಹೇಳುವುದಿಲ್ಲ.

ಅರವತ್ಮೂರರಲ್ಲಿ ಹಲ್ಲಿಲ್ಲದೆ ಮದುವೆಯಾದ ಕಾಲಾಳು. ಅಂಥವನು ಇರಲು ಸಾಧ್ಯವಿಲ್ಲ. ಪೆಟ್ಟಿಗೆಯಲ್ಲಿ ಶಿಲುಬೆ ಹಾಕಿಕೊಂಡು ಮಲಗಿದ್ದವನು ಒಂದು ದಿನವೂ ಸಿಪಾಯಿಯಾಗಿರಲಿಲ್ಲ. ಇದು ಹೊರಬಿದ್ದರೆ ಡ್ರುಸಿಲ್ಲಮ್ಮನ ಪಿಂಚಣಿ ಅಲ್ಲಿಗೆ ಮುಗಿಯಿತು.

ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ನಮ್ಮಪ್ಪನ ಹತ್ತಿರ ಒಬ್ಬ ಗುಲಾಮನೂ ಇರಲಿಲ್ಲ. ಇದ್ದವರಿಗೋಸ್ಕರ ಹೋಗಿ ಸತ್ತ. ಸರ್ಕಾರಕ್ಕೆ ವಿಧವೆಯರ ನೆನಪಾಗುವಷ್ಟರಲ್ಲಿ ನಮ್ಮಮ್ಮ ಊರಿನವರ ಬಟ್ಟೆ ಒಗೆದು ಒಗೆದು ಮಣ್ಣು ಸೇರಿದ್ದಳು. ಹಲ್ಲು ಕೀಳಿಸಿಕೊಂಡವನು ಮೂರ್ಖನೋ ನಮ್ಮಪ್ಪ ಮೂರ್ಖನೋ, ಆ ಪೆಟ್ಟಿಗೆಯ ಮುಂದೆ ನಾನು ಹೇಳಲಾರದೆ ಹೋದೆ.

ನಿವಾಸದ ಅಡುಗೆಮನೆಯಲ್ಲಿ ಅಡುಗೆಯವಳು ಲೂವೀನಿಯಾ ಹಸಿರು ಅವರೆ ಬಿಡಿಸುತ್ತಾ ಕೂತಿದ್ದಳು. ಎಲ್ಲರೂ ಅವಳನ್ನು ಅತ್ತೆ ಎನ್ನುತ್ತಾರೆ. ಕರಿಯ ಹೆಂಗಸನ್ನು ಶ್ರೀಮತಿ ಎಂದು ಕರೆಯುವುದನ್ನು ತಪ್ಪಿಸಿಕೊಳ್ಳಲು ನಮ್ಮ ಊರು ಕಂಡುಕೊಂಡ ಉಪಾಯ ಅದು. ನಾನೂ ಹಾಗೇ ಕರೆಯುತ್ತೇನೆ.

"ಭಾನುವಾರ ಮಜ್ಜಿಗೆ ಜಾಡಿ ಎಲ್ಲಿತ್ತು ಅತ್ತೆ?"

ಅವಳ ಕೈ ನಿಂತಿತು. "ಇದು ನನ್ನ ಮೇಲೆ ಬರುತ್ತಾ ಸಾಹೇಬ್ರೆ? ಬರೋದಾದ್ರೆ ಈಗ್ಲೇ ಹೇಳ್ಬಿಡಿ. ಮಕ್ಕಳನ್ನ ನಮ್ಮಣ್ಣನ ಮನೆಗೆ ಕಳಿಸಿಬಿಡ್ತೀನಿ."

"ಬರಲ್ಲ."

"ಬರಲ್ಲ ಅಂತ ನೀವು ಹೇಳ್ತೀರಿ." ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಡ್ರುಸಿಲ್ಲಮ್ಮ ಮಧ್ಯಾಹ್ನ ತಂದು ಕಪಾಟಲ್ಲಿ ಇಟ್ರು. ಸಂಜೆ ಲೀವೈ ಅಜ್ಜ ಬಂದು ತಗೊಂಡು ಹೋದ್ರು. ಪ್ರತಿ ಭಾನುವಾರ ಅವರೇ ತಗೊಂಡು ಹೋಗೋದು. ನಾನು ಮುಚ್ಚಳ ಕೂಡ ತೆಗೆದಿಲ್ಲ. ನಮ್ಮಪ್ಪನ್ನೂ ಆ ಯುದ್ಧಕ್ಕೆ ಕರ್ಕೊಂಡು ಹೋಗಿ ಕಂದಕ ತೋಡಿಸಿದ್ರು. ಅವನ ಬೆನ್ನು ಕೊನೇವರೆಗೂ ನೆಟ್ಟಗಾಗ್ಲಿಲ್ಲ. ಅವನಿಗೇನು ಕೊಟ್ರು? ಈಗ ಇದೂ ನಮ್ಮ ತಲೆಗೇ ಬಂದ್ರೆ ಹೇಗೆ?"

ಹಿಂಬಾಗಿಲಿನಿಂದ ಜಗಲಿಗೆ ಹೋದೆ.

ಮಿಕ್ಕ ಮುದುಕರೆಲ್ಲ ಸಮವಸ್ತ್ರ ತೊಡಲು ಒಳಗೆ ಹೋಗಿದ್ದರು. ಜಗಲಿಯುದ್ದಕ್ಕೂ ತೂಗುಕುರ್ಚಿಗಳ ಸಾಲು. ಅದರಲ್ಲಿ ಒಂದು ಕುರ್ಚಿ ಮಾತ್ರ ಗೋಡೆಗೆ ಮುಖ ಮಾಡಿತ್ತು. ಯಾರಾದರೂ ಸತ್ತರೆ ಮಣ್ಣಾಗುವವರೆಗೂ ಅವನ ಕುರ್ಚಿಯನ್ನು ಹಾಗೆ ತಿರುಗಿಸಿಡುತ್ತಾರೆ. ಅದರ ಪಕ್ಕದಲ್ಲಿ ಲೀವೈ ಟ್ರಾಮೆಲ್ ಒಬ್ಬನೇ ಕೂತಿದ್ದ, ಬೂದು ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು.

"ಬಾ ಮಗಾ, ಕೂತ್ಕೋ. ಆ ಕುರ್ಚಿ ಒಂದು ಬಿಟ್ಟು."

"ಮಂಡಿ ಹೇಗಿದೆ ದೊಡ್ಡಪ್ಪ? ನಿನ್ನೆ ನೀನು ಮೆಟ್ಟಿಲು ಹತ್ತೋವಾಗ ನೋಡ್ದೆ, ಕಾಲು ಎಳ್ಕೊಂಡು ಬರ್ತಿದ್ದೆ."

"ಒಂದು ಕಾಲು ನಾನು ಹೇಳ್ದಂಗೆ ಕೇಳುತ್ತೆ. ಇನ್ನೊಂದಕ್ಕೆ ಮೇಜರ್ ಅಪ್ಪಣೆ ಬೇಕಂತೆ."

"ಔಷಧಿ ಕೊಡ್ತಿದಾರಲ್ಲ ಅದಕ್ಕೆ? ದಿನಾ ಒಂದು ಚಮಚ ಅಫೀಮು."

"ಕೊಡ್ತಾರೆ."

"ಕುಡೀತೀಯಾ?"

ಅವನು ಕುರ್ಚಿ ತೂಗುವುದನ್ನು ನಿಲ್ಲಿಸಿದ. ನಾನು ಒತ್ತಾಯ ಮಾಡಲಿಲ್ಲ. ಜೇಬಿನಿಂದ ಹೊಗೆಸೊಪ್ಪಿನ ಬಿಲ್ಲೆ ತೆಗೆದು ಮುಂದೆ ಹಿಡಿದೆ.

"ಅಯ್ಯೋ, ಇದನ್ನೇ ಮೂರು ದಿನದಿಂದ ಹುಡುಕ್ತಿದ್ದೆ," ಎಂದು ತೆಗೆದುಕೊಂಡವನೇ ಅಭ್ಯಾಸಬಲದಿಂದ ಇನ್ನೊಂದು ಮೂಲೆ ಕಚ್ಚಿದ. ಅರವತ್ತೆಂಟರ ವಯಸ್ಸಿಗೆ ಅಂಥ ಹಲ್ಲು ಈ ಮನೆಯಲ್ಲಿ ಇನ್ನೊಬ್ಬರಿಗಿಲ್ಲ. ಬಿಲ್ಲೆಯನ್ನು ಹಿಂದಕ್ಕೆ ಇಸಿದುಕೊಂಡು ನೋಡಿದೆ. ಹಳೆಯ ಗುರುತೂ ಹೊಸ ಗುರುತೂ ಅಕ್ಕಪಕ್ಕದಲ್ಲಿದ್ದವು. ಎರಡರಲ್ಲೂ ಒಂದು ಹಲ್ಲಿನ ಮೇಲೆ ಇನ್ನೊಂದು ಏರಿಕೊಂಡಿತ್ತು.

"ಏಸಾನ ಹಾಸಿಗೇಲಿ ಸಿಕ್ತು ದೊಡ್ಡಪ್ಪ. ಅವನು ಮಲಗಿದ ಮೇಲೂ ನೀನು ಅಲ್ಲೇ ಕೂತಿದ್ದೆ."

"ಕೂತಿದ್ದೆ. ಉಸಿರು ನಿಲ್ಲೋವರೆಗೂ ಕೂತಿದ್ದೆ."

ಬಿಲ್ಲೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡೆ.

"ನೀನು ಇಲ್ಲಿಗೆ ಸೇರೋವಾಗ ಅವನು ನಿನ್ನ ಪರವಾಗಿ ಪ್ರಮಾಣ ಮಾಡಿದ. ಅವನು ಸತ್ತ ಮೇಲೆ ಅವನ ಹೆಂಡತಿ ಪಿಂಚಣಿಗೆ ಅಂತ ನೀನು ಅವನ ಪರವಾಗಿ ಪ್ರಮಾಣ ಮಾಡಿದೀಯ. ಒಂದೇ ಪಡೇಲಿದ್ವಿ, ಪಕ್ಕಪಕ್ಕ ನಿಂತು ಗುಂಡು ಹಾರಿಸಿದ್ವಿ ಅಂತ."

"ಇಲ್ಲಿ ಎಲ್ಲರೂ ಎಲ್ಲರಿಗೂ ಮಾಡ್ತಾರೆ. ನೆನಪಿರೋನೂ ಮಾಡ್ತಾನೆ, ಇಲ್ದೋನೂ ಮಾಡ್ತಾನೆ."

"ಹಾಗಾದ್ರೆ ಒಂದು ಹೇಳು. ಏಸಾ ಪ್ರೂಯಿಟ್ ಪೊಟ್ಟಣ ಹೇಗೆ ಹರೀತಿದ್ದ?"

ಕೆಳಗೆ ಅಂಗಳದಲ್ಲಿ ಯಾರೋ ತಮಟೆಯ ಚರ್ಮ ಬಿಗಿ ಮಾಡುತ್ತಿದ್ದರು. ಲೀವೈ ಹೊಗೆಸೊಪ್ಪನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದ.

"ಚೆನ್ನಾಗೇ ಹರೀತಿದ್ದ," ಎಂದ. "ನಮ್ಮ ಸಾಲಲ್ಲಿ ಅವನಷ್ಟು ಬೇಗ ತುಂಬೋರು ಇರಲಿಲ್ಲ."

"ಹಲ್ಲಿಲ್ದೇನಾ?"

"ಏಸಾ ಪ್ರೂಯಿಟ್‌ಗೆ ಒಂದು ಹಲ್ಲೂ ಬಿದ್ದಿರಲಿಲ್ಲ ಮಗಾ." ಅವನು ನನ್ನ ಕಡೆ ತಿರುಗಿ ತುಟಿ ಅಗಲ ಮಾಡಿದ. "ಇವತ್ತಿಗೂ ಬಿದ್ದಿಲ್ಲ."

ಆ ಎರಡು ಹಲ್ಲು ಒಂದರ ಮೇಲೊಂದು ಏರಿಕೊಂಡು ಹೊಗೆಸೊಪ್ಪಿನ ರಸದಲ್ಲಿ ಹೊಳೆಯುತ್ತಿದ್ದವು. ನಾನು ಗೋಡೆಗೆ ತಿರುಗಿದ್ದ ಕುರ್ಚಿಯ ಬೆನ್ನು ಹಿಡಿದುಕೊಂಡೆ.

"ನೀನು ಏಸಾ."

"ನಾನೇ. ಅರವತ್ಮೂರಲ್ಲಿ ಪೀಚ್ ಹೂ ಬಿಟ್ಟಾಗ ಅವಳ ಕೈ ಹಿಡಿದೋನು ನಾನು. ಒಂಬತ್ತು ದಿನ ಇದ್ದೆ ಅವಳ ಜೊತೆ. ಆಮೇಲೆ ಪಡೆಗೆ ಹೋದೆ. ಚಿಕಮಾಗಾ ಕಾಡಿನ ಕಾಳಗದಲ್ಲಿ ನನ್ನ ಎರಡೂ ಕಡೆ ನಿಂತೋರು ಬಿದ್ದ ಮೇಲೆ ಬಂದೂಕು ಅಲ್ಲೇ ಬಿಸಾಕಿ ಓಡಿದೆ. ಟೆಕ್ಸಸ್ ತಲುಪೋವರೆಗೂ ನಿಲ್ಲಲಿಲ್ಲ."

"ಒಳಗೆ ಮಲಗಿರೋನು?"

"ಅವನು ಲೀವೈ ಟ್ರಾಮೆಲ್. ಕಮ್ಮಾರನಿಗೆ ಒಂದು ಕೋಳಿ ಕೊಟ್ಟು ಹಲ್ಲು ಕೀಳಿಸ್ಕೊಂಡು ಊರಲ್ಲೇ ಉಳಿದೋನು. ನಾನು ಸತ್ತೆ ಅಂತ ಸುದ್ದಿ ಬಂದ ಮೇಲೆ ಅವಳ ಹೊಲ ಉತ್ತ, ಸೌದೆ ಒಡೆದ. ಜನ ಸುಮ್ನೆ ಇರ್ತಾರಾ? ಇಬ್ಬರೂ ಎರಡು ಜಿಲ್ಲೆ ದಾಟಿ ಇಲ್ಲಿಗೆ ಬಂದ್ರು. ಅವಳಿಗೆ ಆಗ್ಲೇ ನನ್ನ ಹೆಸರಿತ್ತು. ಅವನೂ ಅದನ್ನೇ ಹಾಕ್ಕೊಂಡ. ಮುದುಕ ಆದ್ಮೇಲೆ ಆ ಹೆಸರಲ್ಲೇ ಇಲ್ಲಿ ಸೇರ್ಕೊಂಡ."

"ನೀನು ಬಂದೆ."

"ನಾಲ್ಕು ವರ್ಷದ ಹಿಂದೆ ಬಂದೆ. ಸಾಯಕ್ಕೆ ಒಂದು ಮಂಚ ಬೇಕಿತ್ತು. ನೋಡಿದ್ರೆ ಮಂಚದ ಮೇಲೆ ನನ್ನ ಹೆಸರು ಆಗ್ಲೇ ಮಲಗಿತ್ತು." ಅವನು ಪಕ್ಕಕ್ಕೆ ಉಗುಳಿದ. "ನಾನು ಬಾಯಿ ಬಿಟ್ರೆ ಅವನು ಜೈಲಿಗೆ, ಅವಳು ಬೀದಿಗೆ, ನಾನು ಓಡಿಹೋದ ಹೇಡಿ. ಲೀವೈ ಏನು ಮಾಡ್ದ ಗೊತ್ತಾ? ನನ್ನ ಹೆಸರು ತಗೋ, ನಾನು ಉಪಯೋಗಿಸ್ತಿಲ್ಲ ಅಂದ. ನನ್ನ ಪರವಾಗಿ ಪ್ರಮಾಣ ಮಾಡ್ದ. ನಾಲ್ಕು ವರ್ಷ ಪಕ್ಕಪಕ್ಕ ಮಲಗಿದ್ವಿ. ಭಾನುವಾರ ಬಂದ್ರೆ ಅವಳ ಮಜ್ಜಿಗೇಲಿ ಕೊನೇ ಎರಡು ಗುಟುಕು ನನಗೆ ಉಳಿಸ್ತಿದ್ದ."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಎಲ್ಲಿಂದ ಹಾಕಿದರೂ ಅವಳಿಗೆ ಉಳಿಯುವುದೇನೂ ಇರಲಿಲ್ಲ. ಸತ್ತವನು ಸಿಪಾಯಿಯಲ್ಲ, ಅವಳ ಗಂಡನೂ ಅಲ್ಲ. ಗಂಡನಾದವನು ಪಡೆಯಿಂದ ಓಡಿಬಂದವನು, ಸತ್ತೂ ಇಲ್ಲ. ನಾನು ಸತ್ಯ ಹೇಳಿದರೆ ಡ್ರುಸಿಲ್ಲಮ್ಮ ವಿಧವೆಯೇ ಅಲ್ಲ, ಹುಚ್ಚರ ಕೋಣೆಗೆ ಹೋಗುತ್ತಾಳೆ. ಸುಮ್ಮನಿದ್ದರೆ ಪಿಂಚಣಿಯ ಆಸೆಗೆ ಗಂಡನನ್ನು ಕೊಂದವಳೆಂದು ನೇಣಿಗೆ ಹೋಗುತ್ತಾಳೆ. ನನಗೆ ಆ ಮುದುಕನನ್ನು ಅಳ್ಳಾಡಿಸಿ ಕೇಳಬೇಕೆನಿಸಿತು, ಯಾಕೆ ವಾಪಸ್ಸು ಬಂದೆ ಎಂದು.

"ಅಫೀಮು ಕೂಡಿಟ್ಟಿದ್ದು ನೀನೇ ತಾನೆ?"

"ನಾನೇ. ಚಮಚದ ಮೇಲೆ ಚಮಚ, ಒಂದು ಬಾಟ್ಲಿ ಆಗೋಷ್ಟು."

"ಅವನಿಗೆ ಅಂತ?"

"ನನಗೆ ಅಂತ ಮಗಾ." ಅವನು ಒಳಗಿದ್ದ ಪೆಟ್ಟಿಗೆಯ ಕಡೆ ಕೈ ತೋರಿಸಿದ. "ಅವನಿಗೆ ತಲೆ ಕೆಟ್ಟಿತ್ತು. ಪಾದ್ರಿ ಮುಂದೆ ಎಲ್ಲಾ ಹೇಳ್ಬಿಡ್ತೀನಿ, ಈ ಶಿಲುಬೆ ಹಾಕ್ಕೊಂಡು ಸಾಯಕ್ಕಾಗಲ್ಲ ಅಂತಿದ್ದ. ಅವನು ಹೇಳೋಕೆ ಮುಂಚೆ ನಾನು ಹೋಗ್ಬಿಡೋಣ ಅಂತಿದ್ದೆ. ಶನಿವಾರ ಬಾಟ್ಲಿ ನನ್ನ ದಿಂಬಿನ ಕೆಳಗೆ ಇತ್ತು. ಭಾನುವಾರ ಅವಳು ಬಂದು ಹೋದ್ಮೇಲೆ ನೋಡ್ತೀನಿ, ಬಾಟ್ಲಿ ಇಲ್ಲ—"

ನನ್ನ ಬೆನ್ನ ಹಿಂದೆ ಜಾಲರಿ ಬಾಗಿಲು ಕಿರುಗುಟ್ಟಿತು.

ಡ್ರುಸಿಲ್ಲಮ್ಮ ಹೊಸಿಲಲ್ಲಿ ನಿಂತಿದ್ದಳು. ಬಣ್ಣ ಹಾಕಿದ ಉಡುಪು ಇನ್ನೂ ಪೂರ್ತಿ ಒಣಗಿರಲಿಲ್ಲ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನನ್ನನ್ನು ನೋಡಲಿಲ್ಲ. ನೇರ ನಡೆದು ಬಂದು, ಗೋಡೆಗೆ ತಿರುಗಿದ್ದ ಕುರ್ಚಿಯ ಮೇಲಿಂದ ನನ್ನ ಕೈಯನ್ನು ಮೆಲ್ಲಗೆ ತೆಗೆದಳು. ಆಮೇಲೆ ಬಗ್ಗಿ, ಯಾರ ದನಿಯೂ ಗೊತ್ತಿಲ್ಲವೆಂದು ಬೈಬಲ್ ಮುಟ್ಟಿ ಹೇಳಿದ್ದಳೋ ಆ ಮುದುಕನ ಕೋಟಿನ ಕೊರಳ ಪಟ್ಟಿ ಸರಿಮಾಡಿದಳು. ಸುಲಭವಾಗಿ ಮಾಡಿದಳು, ಪ್ರತಿದಿನ ಮಾಡುವವಳ ಹಾಗೆ.

"ಬಾಯಿ ಮುಚ್ಚು ಏಸಾ," ಎಂದಳು. "ಮೊದ್ಲು ಲೀವೈನ ಮಣ್ಣು ಮಾಡಿ ಬರೋಣ. ಆಮೇಲೆ ಬಾಟ್ಲಿ ಯಾರು ತಗೊಂಡ್ರು ಅಂತ ವೈಲಿಗೆ ನಾನೇ ಹೇಳ್ತೀನಿ."